ನಾಲ್ಕು ಮನೆಗೆ ಒಂದೇ ಖೂನ

ಉಳವಪ್ಪ ಇನ್ನೂ ಚಡ್ಡಿಯಲ್ಲಿದ್ದಾಗ, ಸವಣೂರಿನ ಎಲೆಪೇಟೆಯಲ್ಲಿ ಅವನ ಅಪ್ಪ ಒಬ್ಬ ಗಾಡಿಯವನಿಗೆ, "ಮನಿಗೆ ಹೋಗಿ ನಮ್ಮವ್ವಗ ಖೂನ ಹೇಳು, ಕೆಲಸ ಆಕ್ಕೈತಿ" ಎಂದದ್ದನ್ನು ಅರ್ಧಂಬರ್ಧ ಕೇಳಿಸಿಕೊಂಡ. ಕೇಳಿಸಿಕೊಂಡವನೇ, "ನಮ್ಮಪ್ಪ ಆಯಿದು ಖೂನಿ ಮಾಡಸಾಕತ್ತಾನ್ರೋ!" ಎಂದು ಓಣಿಯುದ್ದಕ್ಕೂ ಬಾಯಿ ಬಡಿದುಕೊಳ್ಳುತ್ತ ಓಡಿದ. ಗಾಡಿಯವನು ಬಂದದ್ದು ಆಯಿಯ, ಅಂದರೆ ಅಜ್ಜಿಯ, ಹತ್ತಿರ ಶೇಂಗಾ ಚೀಲ ಒಯ್ಯಲಿಕ್ಕೆ. ಅಷ್ಟರಲ್ಲಿ ಓಣಿಯ ಹೆಂಗಸರೆಲ್ಲ ಒನಕೆ ಹಿಡಿದು ಬಾಗಿಲಿಗೆ ನಿಂತಿದ್ದರು. ಪಾಪ, ಆ ಮನುಷ್ಯ ಮುಂದೆಂದೂ ಸವಣೂರಿನ ಕಡೆ ಎತ್ತು ತಿರುಗಿಸಲಿಲ್ಲ.

ಖೂನ ಎಂದರೆ ಗುರುತು, ಅಷ್ಟೇ. ಪರಿಚಯವಿಲ್ಲದವನ ಕೈಯಲ್ಲಿ ಮನೆಯಿಂದ ಏನಾದರೂ ತರಿಸಬೇಕಾದರೆ, ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಮಾತನ್ನು ಅವನ ಕಿವಿಯಲ್ಲಿ ಹೇಳಿ ಕಳಿಸುವುದು ಆ ಸೀಮೆಯ ಪದ್ಧತಿ. ಮಾತು ಸರಿಯಾದರೆ ಸಾಮಾನು ಸಿಗುತ್ತದೆ, ತಪ್ಪಿದರೆ ನಾಯಿ ಬಿಡುತ್ತಾರೆ.

ಅದೇ ಉಳವಪ್ಪ ದೊಡ್ಡವನಾಗಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆದ. ತಲೆಗೆ ಹೆಡ್‌ಫೋನ್ ಏರಿತು. ಅದರ ಜೊತೆಗೇ ಇನ್ನೂ ಏನೋ ಏರಿತು. ಮನೆಯಲ್ಲಿ ಅಜ್ಜಿ ವೀರವ್ವ, ಹೆಂಡತಿ ಬಸಲಿಂಗವ್ವ. ಅಜ್ಜಿಯ ಮೂವರು ಹೆಣ್ಣುಮಕ್ಕಳು, ಅಂದರೆ ಇವನ ಸೋದರತ್ತೆಯರು, ಹಾನಗಲ್ಲು, ಶಿಗ್ಗಾವಿ, ಹಿರೇಕೆರೂರಿನ ವ್ಯಾಪಾರಸ್ಥರ ಮನೆಗಳಲ್ಲಿದ್ದರು. ಸವಣೂರಿನದೂ ಸೇರಿ ನಾಲ್ಕೂ ಮನೆಗೆ ಫೋನು ಬಂದಿತ್ತು. ಆದರೆ ಅತ್ತೆಯರ ಒಂದೊಂದು ಮನೆಗೆ ಒಂದೊಂದು ಖೂನ. ಹಾನಗಲ್ಲಿಗೆ 'ಕುಂಟ ಎಮ್ಮಿ', ಶಿಗ್ಗಾವಿಗೆ 'ನಿಂತ ಗಡಿಯಾರ', ಹಿರೇಕೆರೂರಿಗೆ 'ಮಾವನ ಆರನೇ ಬೆರಳು'. ಗುಟ್ಟೆಂದರೆ ಎಂಥ ಗುಟ್ಟು! ಬಸ್ಸಿನ ಕಂಡಕ್ಟರುಗಳೇ "ಆರನೇ ಬೆರಳಿನ ಮನಿಯವರು ಇಳೀರಿ" ಎನ್ನುತ್ತಿದ್ದರು.

ಎಂಬತ್ಮೂರರ ಉಗಾದಿಗೆ ಮುಂಚೆ ಯಾವನೋ ಪುಣ್ಯಾತ್ಮ ಹಾನಗಲ್ಲಿಗೆ ಹೋಗಿ, "ಉಳವಪ್ಪ ಕಳಿಸ್ಯಾನ್ರಿ, ಕುಂಟ ಎಮ್ಮಿ" ಎಂದು ಹೇಳಿ, ಚಹಾ ಕುಡಿದು (ಎರಡನೇ ಸಲ ಸಕ್ಕರೆ ಕೇಳಿ ಹಾಕಿಸಿಕೊಂಡು), ತಾಮ್ರದ ಹಂಡೆ ಹೊತ್ತು ನಡೆದ.

ಉಳವಪ್ಪನ ತಲೆಯಲ್ಲಿ ದೀಪ ಹೊತ್ತಿತು. ಎಲ್ಲ ತಂತಿಗಳೂ ಒಂದೇ ಬೋರ್ಡಿಗೆ ಬರುವ ಹಾಗೆ ಎಲ್ಲ ನಂಬಿಕೆಯೂ ಒಂದೇ ಬಾಯಿಗೆ ಬರಬೇಕು! ಮೂವರು ಅತ್ತೆಯರನ್ನೂ ಕೂಡಿಸಿ 'ಅಖಿಲ ಕುಟುಂಬ ಏಕಮುಖ ಗುರುತು ಪರಿಶೀಲನಾ ಮಹಾಯೋಜನೆ'ಯನ್ನು ಘೋಷಿಸಿಯೇ ಬಿಟ್ಟ.

"ಇವತ್ತಿಂದ ಯಾರ ಮನಿಗೂ ಬ್ಯಾರೆ ಖೂನ ಇಲ್ಲ. ಯಾರು ಬರಲಿ, ಏನು ಸುದ್ದಿ ತರಲಿ, ಸವಣೂರಿಗೆ ಫೋನ್ ಹಚ್ಚರಿ. ಆಯಿ ಹೂಂ ಅಂದ್ರ ಹೂಂ. ಊಂಹೂಂ ಅಂದ್ರ ಬಾಗಲಾ ಹಾಕ್ರಿ."

"ಮತ್ತ ನೀನಽ ಫೋನ್ ಮಾಡಿದ್ರ?" ಎಂದಳು ಹಿರೇಕೆರೂರಿನ ಶಿವಬಸವ್ವ. ಮೂವರಲ್ಲಿ ಹಿರಿಯಳು, ಮಾತಿನಲ್ಲಿ ಜಿಪುಣಿ.

"ನನ್ನೂ ನಂಬಬ್ಯಾಡ್ರಿ! ನನ್ನ ದನಿ ಯಾರು ಬೇಕಾದ್ರೂ ಮಾಡ್ತಾರ."

"ಅದನ್ನ ನೀ ಹೇಳೂದಽ ಬ್ಯಾಡಾಗಿತ್ತು."

ಒಳಗಿನಿಂದ ಬಸಲಿಂಗವ್ವ, "ಆಯಿಗೆ ಕೆಮ್ಮು ಹತ್ತೇತ್ರಿ. ನಾಳೆ ಏನರ ಹೆಚ್ಚುಕಡಿಮಿ ಆದ್ರ ಹೂಂ ಅನ್ನೋರು ಯಾರು?" ಎಂದಳು.

"ಅಪಶಕುನ ನುಡೀಬ್ಯಾಡ. ರೊಟ್ಟಿ ಬಡಿ."

ವೀರವ್ವನ ಸಾಮ್ರಾಜ್ಯ ಶುರುವಾಯಿತು. ಮಂಚವನ್ನು ಫೋನಿನ ಪಕ್ಕಕ್ಕೆ ಎಳೆಸಿಕೊಂಡಳು. ಶಿಗ್ಗಾವಿಯವರ ಅಳಿಯನೇ ಮಾವಿನಹಣ್ಣಿನ ಬುಟ್ಟಿ ಹೊತ್ತು ಹಾನಗಲ್ಲಿಗೆ ಹೋದಾಗ, "ಊಂಹೂಂ, ಖೂನ ಸಿಗವಲ್ದು" ಎಂದುಬಿಟ್ಟಳು. (ಅವನು ದೀಪಾವಳಿಗೆ ಬಂದಾಗ ಅವಳಿಗೆ ನಮಸ್ಕಾರ ಮಾಡಿರಲಿಲ್ಲ.) ಅಳಿಯದೇವರು ಹೊರಗಿನ ಕಟ್ಟೆಯ ಮೇಲೆ ಕುಳಿತು ಹಣ್ಣೆಲ್ಲ ತಾನೇ ತಿಂದು ಮುಗಿಸಿದರು.

ಶ್ರಾವಣದಲ್ಲಿ ಒಂದು ಬೆಳಗ್ಗೆ ವೀರವ್ವ ಚಹಾ ಕೇಳಿದಳು. ಬಸಲಿಂಗವ್ವ ಚಹಾ ತರುವಷ್ಟರಲ್ಲಿ ಕೇಳಿದವಳು ಇರಲಿಲ್ಲ.

ಓಣಿಯ ಹಿರಿಯರು ಬಂದರು. ಹೊತ್ತು ಮುಳುಗುವ ಮೊದಲು ಮಣ್ಣು ಆಗಬೇಕು, ಅಷ್ಟರಲ್ಲಿ ಹೆಣ್ಣುಮಕ್ಕಳು ಬಂದು ಮುಖ ನೋಡಬೇಕು ಎಂದರು. ಉಳವಪ್ಪ ಹಾನಗಲ್ಲಿಗೆ ಫೋನ್ ಹಚ್ಚಿದ.

"ಅತ್ತಿ, ಆಯಿ ಹೋದಳು."

"ಎಲ್ಲಿಗೆ?"

"ಎಲ್ಲಿಗಂದ್ರ... ಲಿಂಗೈಕ್ಯ ಆದಳು."

"ಫೋನ್ ಅವ್ವಗ ಕೊಡು."

"ಅತ್ತಿ, ಆಯಿ ಸತ್ತಾಳ!"

"ಹೌದಲ್ಲ, ಅದನ್ನಽ ಅವ್ವನ ಬಾಯಿಲೆ ಹೇಳಸು. ಹಂಡೆ ಹೋಗೇತಿ ನಂದು, ಬುದ್ಧಿ ಹೋಗಿಲ್ಲ." ಫೋನು ಕುಕ್ಕಿದ ಸದ್ದು.

ಶಿಗ್ಗಾವಿಯ ಅತ್ತೆ ಸುದ್ದಿ ಕೇಳಿದ್ದೇ ತಡ, ಫೋನಿಟ್ಟಳು. ಮರುಗಳಿಗೆ ಇಲ್ಲಿಯ ಫೋನು ಬಡಿದುಕೊಂಡಿತು.

"ಅವ್ವ ಅದಾಳೇನು? ಯಾರೋ ಕಳ್ಳ ಈಗ ನಿನ್ನ ದನಿ ಮಾಡಿ ಅವ್ವ ಸತ್ತಾಳ ಅಂದ!"

"ಅತ್ತಿ, ಆ ಕಳ್ಳ ನಾನಽ."

"ಒಪ್ಪಿಕೊಂಡೆಲ್ಲ, ಭಾಡ್ಯಾ!"

ಹಿರೇಕೆರೂರಿನಲ್ಲಿ ಶಿವಬಸವ್ವ ಎಲ್ಲವನ್ನೂ ಕೇಳಿಸಿಕೊಂಡಳು.

"ಅವ್ವ ಹೂಂ ಅಂದಳೇನು?"

"ಹೆಂಗ ಅಂತಾಳ, ಅತ್ತಿ?"

"ಹಂಗಾರ ಆಗಿಲ್ಲ." ಅಷ್ಟೇ. ಆಮೇಲೆ ಎಷ್ಟು ಸಲ ಹಚ್ಚಿದರೂ ಆ ಫೋನು ಎಂಗೇಜ್. ರಿಸೀವರ್ ತೆಗೆದಿಟ್ಟಿದ್ದಳು.

ಬಸಲಿಂಗವ್ವ ಗಂಡನ ಕೈಯಿಂದ ಫೋನು ಕಸಿದು, ಮತ್ತೆ ಹಾನಗಲ್ಲಿಗೂ ಶಿಗ್ಗಾವಿಗೂ ಹಚ್ಚಿಸಿ, ಒಂದು ಮಾತೂ ಆಡದೆ ರಿಸೀವರನ್ನು ಪಡಸಾಲೆಯ ಕಡೆ ಚಾಚಿ ಹಿಡಿದಳು. ಅಲ್ಲಿ ಓಣಿಯ ಹೆಂಗಸರು ವೀರವ್ವನ ಹೆಸರು ಹಿಡಿದು ಹಾಡಿ ಅಳುತ್ತಿದ್ದರು. ಆ ಅಳುವಿಗೆ ಯಾರೂ ಖೂನ ಕೇಳಲಿಲ್ಲ. ಇಬ್ಬರೂ ಸಿಕ್ಕ ಬಸ್ಸು ಹತ್ತಿ ಎದೆ ಬಡಿದುಕೊಳ್ಳುತ್ತ ಬಂದು ಮುಖ ನೋಡಿದರು.

ಶಿವಬಸವ್ವ ಬರಲಿಲ್ಲ. ಹಿರಿಯರು ಬಿಸಿಲು ಗೋಡೆ ಹತ್ತುವವರೆಗೆ ಕಾದರು, ಮಾಡಿನ ತುದಿ ಬಿಡುವವರೆಗೆ ಕಾದರು. ಕೊನೆಗೆ ಎತ್ತಿದರು. ಹಿರಿಮಗಳ ಕೈಯ ಮಣ್ಣು ಬೀಳದೆಯೇ ಕುಣಿ ಮುಚ್ಚಿತು. ವಾಪಸು ಬರುವಾಗ ಇಬ್ಬರು ಅತ್ತೆಯರೂ ಉಳವಪ್ಪನ ನೆರಳನ್ನೂ ತುಳಿಯದೆ ನಡೆದರು.

ಮರುದಿನ ಮೊದಲ ಬಸ್ಸಿಗೆ ಶಿವಬಸವ್ವ ಇಳಿದಳು. ಯಾರೂ ಕರೆದಿರಲಿಲ್ಲ, ಕರೆಯುವ ದಾರಿಯೂ ಇರಲಿಲ್ಲ. ಮನೆಯ ಕಡೆ ಹೊರಳಿಯೂ ನೋಡದೆ ಅವ್ವನ ಮಣ್ಣು ಆಗಿದ್ದ ಹೊಲಕ್ಕೆ ನೇರ ನಡೆದು, ಹಸಿ ಮಣ್ಣಿನ ಮುಂದೆ ಕುಳಿತಳು. ಅಳಲಿಲ್ಲ. ಸಮಾಧಿಯ ಮೇಲಿನ ಮಣ್ಣಹೆಂಟೆಗಳನ್ನು ಒಂದೊಂದಾಗಿ ಬೆರಳಿನಿಂದ ಪುಡಿ ಮಾಡುತ್ತಿದ್ದಳು.

ಉಳವಪ್ಪ ಹಿಂದೆ ನಿಂತ. ಕೇಳಬಾರದಿತ್ತು, ಬಾಯಿ ಕೇಳಲಿಲ್ಲ.

"ಅತ್ತಿ... ನಿನ್ನೆ ಫೋನಿನ್ಯಾಗ ನನ್ನ ದನಿ ಖೂನ ಸಿಗಲಿಲ್ಲೇನು?"

ಶಿವಬಸವ್ವ ತಿರುಗಲಿಲ್ಲ.

"ಅತ್ತಿ ಅಂದಾಗಽ ಸಿಕ್ಕಿತ್ತಲೇ. ಹುಟ್ಟಿದಾಗಿಂದ ನೀ ಹೇಳಿದ್ದೆಲ್ಲಾ ಸುಳ್ಳು. ಇದೂ ಒಂದು ಸುಳ್ಳಾಗಲಿ ಅಂತ ಕುಂತಿದ್ನಿ."