ಮುಟ್ಟಬಾರದ ಕುರ್ಚಿಗೆ ಕೂರಲಾಗದ ಕಾವಲುಗಾರನ ಬಿನ್ನಹ

ಮ್ಯೂಸಿಯಂನ ಎರಡನೇ ಮಹಡಿಯ ನಾಲ್ಕನೇ ಕೋಣೆಯಲ್ಲಿ, ಬಿಳಿ ಪೀಠದ ಮೇಲೆ ವಿರಾಜಮಾನರಾಗಿರುವ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕುರ್ಚಿಯವರಿಗೆ,

ಮಾನ್ಯರೇ,

ತಮಗೆ ಸಾಷ್ಟಾಂಗ ನಮಸ್ಕಾರವನ್ನೇ ಮಾಡಬೇಕೆಂದಿದ್ದೆ. ಆದರೆ ಬಗ್ಗಿದರೆ ಮತ್ತೆ ಏಳಲು ಇನ್ನೊಬ್ಬರ ಕೈ ಬೇಕಾಗುವುದರಿಂದ ನಿಂತಲ್ಲಿಂದಲೇ ಕೈ ಮುಗಿಯುತ್ತಿದ್ದೇನೆ, ಮನ್ನಿಸಬೇಕು. ತಾವು ಕ್ಷೇಮವೇ ಎಂದು ನಾನು ಕೇಳುವುದಿಲ್ಲ, ಏಕೆಂದರೆ ತಮ್ಮ ಕ್ಷೇಮವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುವುದೇ ಹತ್ತೊಂಬತ್ತು ವರ್ಷಗಳಿಂದ ನನ್ನ ಉದ್ಯೋಗ. ನನ್ನ ಕ್ಷೇಮದ ವಿಷಯಕ್ಕೆ ಈ ಪತ್ರ.

ಮೊದಲು ತಮ್ಮ ಗುಣಗಾನ. ಒಂದೇ ಅಚ್ಚಿನಲ್ಲಿ ಎರಕಗೊಂಡು, ಕೀಲಿಲ್ಲದೆ, ಮೊಳೆಯಿಲ್ಲದೆ, ಹೇಳಿಕೊಳ್ಳುವಂಥ ಒಂದು ಕಾಲೂ ಇಲ್ಲದೆ ನಿಂತಿರುವ ತಮ್ಮ ಜಾಣ್ಮೆಯನ್ನು ನೋಡಲು ಜನ ಎಲ್ಲೆಲ್ಲಿಂದಲೋ ಬಂದು, ತಲೆ ಓರೆ ಮಾಡಿ, ಕೈ ಕಟ್ಟಿ, ಬಾಯಿ ಚಪ್ಪರಿಸುತ್ತಾರೆ. ಎರಡು ಕಾಲಿದ್ದೂ ನಿಲ್ಲಲಾರದ ನನ್ನನ್ನು ನೋಡುವುದು ಶೌಚಾಲಯ ಎಲ್ಲಿದೆ ಎಂದು ಕೇಳುವಾಗ ಮಾತ್ರ.

ತಮಗೆ ಸೆಕೆಯಾಗದಂತೆ ಇಲ್ಲಿ ಯಂತ್ರವೊಂದು ಹಗಲಿರುಳು ತಂಪು ಊದುತ್ತದೆ. ಬಿಸಿಲು ಬಿದ್ದರೆ ಬಣ್ಣ ಮಾಸೀತೆಂದು ಕಿಟಕಿಗಳಿಗೆ ಪರದೆ ಇಳಿಬಿಟ್ಟಿದ್ದೇವೆ. ತಮ್ಮ ಬಲಗಡೆಯ ಅಣಬೆಯಾಕಾರದ ದೀಪದವರಂತೂ ಹನ್ನೊಂದಕ್ಕೆ ಬೆಳಗಿ ಹನ್ನೆರಡಕ್ಕೆ ಆರುತ್ತಾರೆ; ಅದಕ್ಕಿಂತ ಹೆಚ್ಚು ದುಡಿದರೆ ಅವರ ಪ್ಲಾಸ್ಟಿಕ್ ಮೈ ಹಳದಿಗೆ ತಿರುಗುತ್ತದಂತೆ. ನಾನು ಒಂಬತ್ತರಿಂದ ಐದರವರೆಗೆ ನಿಲ್ಲುತ್ತೇನೆ, ನನ್ನ ಮೈ ಯಾವ ಬಣ್ಣಕ್ಕೆ ತಿರುಗಿದರೂ ಇಲ್ಲಿ ಚಿಂತೆಯಿಲ್ಲ.

ನಿವೃತ್ತಿಗೆ ಇನ್ನು ಎರಡು ವರ್ಷವಿದೆ. ಮೊಣಕಾಲಿನ ವೈದ್ಯರು, ಹೀಗೇ ನಿಂತರೆ ಆರು ತಿಂಗಳಲ್ಲಿ ಕೆಲಸವನ್ನೇ ಬಿಡಬೇಕಾಗುತ್ತದೆ, ನಡುನಡುವೆ ಕೂತರೆ ಆ ಎರಡು ವರ್ಷ ದಾಟಿಕೊಳ್ಳಬಹುದು ಎಂದರು. ಕೂರುವುದಕ್ಕೆ ಅನುಮತಿ ಕೇಳಿ ಅರ್ಜಿ ಹಾಕಿದೆ. ಇಲ್ಲಿ ಏನನ್ನು ಎಲ್ಲಿ ಪ್ರದರ್ಶನಕ್ಕಿಡಬೇಕೆಂದು ತೀರ್ಮಾನಿಸುವ ನಮ್ಮ ಕ್ಯುರೇಟರ್ ಮೇಡಂ ಮನಸ್ಸು ಮೆತ್ತಗಿನವರು. ಕ್ಯಾಂಟೀನಿನಿಂದ ಒಂದು ಬಿಳಿ ಪ್ಲಾಸ್ಟಿಕ್ ಕುರ್ಚಿ ತರಿಸಿ ಕೊಟ್ಟರು. ನನ್ನ ಹೆಂಡತಿ ಹಳೆ ಬೆಡ್‌ಶೀಟಿನಿಂದ ಅದಕ್ಕೊಂದು ಮೆತ್ತೆ ಹೊಲಿದಳು. ಮಾನ್ಯರೇ, ಆ ನಾಲ್ಕು ದಿನ ನಾನು ಉಸ್ಸಪ್ಪಾ ಎಂದು ಕೂತು ಕಂಡ ಸುಖವನ್ನು, ಯಾರನ್ನೂ ಕೂರಿಸಿಕೊಳ್ಳದ ತಮಗೆ ವಿವರಿಸಿ ಪ್ರಯೋಜನವಿಲ್ಲ.

ಐದನೇ ದಿನ ನೀರು ಕುಡಿದು ಬರುವಷ್ಟರಲ್ಲಿ ನನ್ನ ಕುರ್ಚಿಯ ಮುಂದೆ ಮೂವರು ತಲೆ ಓರೆ ಮಾಡಿ ನಿಂತಿದ್ದರು. ಒಬ್ಬರು ಫೋಟೋ ತೆಗೆದರು. ಅಂದೇ ಮೇಡಂ ಜೊತೆ ಬಂದಿದ್ದ ತಜ್ಞರೊಬ್ಬರು, ಗಣ್ಯ ಕುರ್ಚಿಗಳ ನಡುವೆ ಬಡ ಕುರ್ಚಿಯೊಂದನ್ನು ಇಟ್ಟಿರುವ ಧೈರ್ಯಕ್ಕೆ ಮೇಡಂ ಅವರ ಕೈ ಕುಲುಕಿದರು. ಮೇಡಂ ನನ್ನತ್ತ ಒಮ್ಮೆ ನೋಡಿದರು, ಕುರ್ಚಿಯತ್ತ ಒಮ್ಮೆ ನೋಡಿದರು, ಹೊಗಳಿಕೆಯನ್ನು ಒಪ್ಪಿಕೊಂಡರು. ಸಂಜೆಯೊಳಗೆ ಸುತ್ತ ಹಗ್ಗ ಬಂತು, ಲೇಬಲ್ ಬಂತು: "ದಿನಬಳಕೆಯ ಕುರ್ಚಿ. ವಿನ್ಯಾಸಕಾರ ತಿಳಿದಿಲ್ಲ. ಪ್ಲಾಸ್ಟಿಕ್, ಹತ್ತಿ, ಕೈಹೊಲಿಗೆ. ಬಳಕೆಯ ಗುರುತುಗಳಿವೆ." ಆ ಗುರುತುಗಳು ನನ್ನವು. ಇನ್ನೊಂದು ಕುರ್ಚಿ ಬೇಕೆಂದು ಲಕೋಟೆಯಲ್ಲಿ ಹಾಕಿದ ಅರ್ಜಿಗೆ, ಆ ಕೋಣೆಯಲ್ಲಿ ಈಗಾಗಲೇ ಹದಿನಾಲ್ಕು ಕುರ್ಚಿಗಳಿವೆ ಎಂದು ಕಚೇರಿಯಿಂದ ಉತ್ತರ ಬಂತು. ಆದ್ದರಿಂದಲೇ ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಮೊನ್ನೆ ಭಾನುವಾರ ನನ್ನ ಹೆಂಡತಿ ಟಿಕೆಟ್ ತೆಗೆದುಕೊಂಡು ನೋಡಲು ಬಂದಳು. ಲೇಬಲನ್ನು ಎರಡು ಸಲ ಓದಿದಳು. ಮೆತ್ತೆಯ ಒಂದು ಮೂಲೆಯಲ್ಲಿ ಹೊಲಿಗೆ ಬಿಟ್ಟಿದ್ದು ಕಂಡು, ಹೊರಬಂದ ಹತ್ತಿಯನ್ನು ಒಳಗೆ ತುರುಕಲು ಹಗ್ಗದಾಚೆ ಕೈ ಚಾಚಿದಳು. ಹತ್ತೊಂಬತ್ತು ವರ್ಷದ ಅಭ್ಯಾಸ ನೋಡಿ, ನನ್ನ ಬಾಯಿ ನನ್ನನ್ನು ಕೇಳದೆಯೇ "ದಯವಿಟ್ಟು ಮುಟ್ಟಬೇಡಿ" ಎಂದುಬಿಟ್ಟಿತು. ಮೂವತ್ತೊಂದು ವರ್ಷ ಜೊತೆಗೆ ಬಾಳಿದವಳಿಗೆ ಇಷ್ಟು ಮರ್ಯಾದೆ ಕೊಟ್ಟು ಮಾತಾಡಿದ್ದು ಅದೇ ಮೊದಲು. ಅವಳು ಕೈ ಹಿಂದಕ್ಕೆ ತೆಗೆದುಕೊಂಡು, ನನ್ನ ಮೊಣಕಾಲನ್ನು ನೋಡಿ, "ರೀ, ನಾನು ಹೊಲಿದಿದ್ದು ಕುರ್ಚಿಗಲ್ಲ, ನಿಮಗೆ" ಅಂದಳು. ನನಗೆ ಬಹಳ ನಾಚಿಕೆಯಾಯಿತು.

ಆದಕಾರಣ ತಮ್ಮಲ್ಲಿ ನನ್ನದೊಂದು ಬೇಡಿಕೆ. ಕುರ್ಚಿ ಸಿಗುವ ಆಸೆ ಬಿಟ್ಟಿದ್ದೇನೆ. ತಾವು ಮೇಲಿನವರಿಗೆ ಒಂದು ಮಾತು ಹೇಳಿ ನನ್ನನ್ನೇ ಪ್ರದರ್ಶನಕ್ಕೆ ಇಡಿಸಬೇಕು. ತಮ್ಮ ಪಕ್ಕದಲ್ಲಿ ಅರ್ಧ ಪೀಠ ಸಾಕು. ಲೇಬಲ್ ನಾನೇ ಬರೆದಿಟ್ಟಿದ್ದೇನೆ: "ಕಾವಲುಗಾರ, ಕುಳಿತ ಭಂಗಿಯಲ್ಲಿ. ಮೂಳೆ, ಮಾಂಸ, ಖಾಕಿ ಬಟ್ಟೆ. ಬಳಕೆಯ ಗುರುತುಗಳಿವೆ." ದೀಪದವರಂತೆ ಹನ್ನೊಂದರಿಂದ ಹನ್ನೆರಡರ ತನಕ ಬೇಕಾದರೆ ನಗುತ್ತೇನೆ. ನನ್ನ ಮುಂದೆ ನಿಂತು ಕಾಯಲು ಒಬ್ಬ ಕಾವಲುಗಾರನನ್ನು ನೇಮಿಸಬೇಕಾದೀತು. ಪಾಪ, ಅವನಿಗೆ ಮಾತ್ರ ಒಂದು ಸ್ಟೂಲು ಕೊಡಿಸಿ.

ಇಂತಿ, ತಮ್ಮ ಎಡಗಡೆ ಮೂರಡಿ ದೂರದಲ್ಲಿ ಇನ್ನೂ ನಿಂತೇ ಇರುವ,
ತಮ್ಮ ವಿಶ್ವಾಸಿ,
ನಾಲ್ಕನೇ ಕೋಣೆಯ ಕಾವಲುಗಾರ

ವಿ.ಸೂ.: ಸೋಮವಾರ ಮ್ಯೂಸಿಯಂಗೆ ರಜೆ ಎಂಬುದು ತಮಗೆ ಗೊತ್ತೇ ಇದೆ. ಈ ಸೋಮವಾರ ಧೂಳು ಒರೆಸಲು ಬಂದ ನಾನು ತಮ್ಮ ಮೇಲೆ ಹನ್ನೊಂದು ನಿಮಿಷ ಕೂತಿದ್ದೆ. ಹೇಳಲು ಸಂಕೋಚ, ಆದರೆ ಇಷ್ಟು ವರ್ಷ ಕಾದದ್ದಕ್ಕೆ ತಾವು ಅಂಥ ಸುಖವೇನಲ್ಲ, ಸೊಂಟ ಹಿಡಿಯಿತು. ಅಂದು ಬೆಳಿಗ್ಗೆ ಹೆಂಡತಿ ಊಟದ ಡಬ್ಬಿಯ ಜೊತೆ ಹೊಸ ಮೆತ್ತೆಯೊಂದನ್ನು ಚೀಲದಲ್ಲಿ ಇಟ್ಟಿದ್ದರಿಂದ ಹೇಗೋ ಸಹಿಸಿಕೊಂಡೆ. ಅದರ ನೀಲಿ ದಾರದ ಎಳೆಯೇನಾದರೂ ತಮ್ಮ ಮೈಗೆ ಅಂಟಿಕೊಂಡಿದ್ದರೆ ದಯವಿಟ್ಟು ಉದುರಿಸಿಬಿಡಿ. ಮೇಡಂ ಕಣ್ಣಿಗೆ ಬಿದ್ದರೆ ಅದಕ್ಕೂ ಒಂದು ಲೇಬಲ್ ಬರೆಸುತ್ತಾರೆ.