ಮುರಿಗೆಮ್ಮನವರ ಶ್ರಮವಾಹಿನಿ

"ಕಾಲು ಮುರಿದ್ರೆ ಮುರೀಲಿ ಅಳಿಯಂದ್ರೇ, ಅದಕ್ಕೆ ಇಡೀ ಮೈ ಯಾಕೆ ಕೆಡಬೇಕು?" ಎನ್ನುತ್ತ ಮುರಿಗೆಮ್ಮನವರು ಎರಡು ಪಟ್ಟಿಗಳನ್ನು ಮಂಚದ ಮೇಲೆ ಹರಡಿದರು. ಒಂದು ಕೆಂಪು, ಒಂದು ಹಸಿರು. ಬಿ.ಪಿ. ನೋಡುವ ಪಟ್ಟಿಯ ಬಟ್ಟೆ, ಹೊಲಿಗೆ ಯಂತ್ರದ ಬಾಬಿನ್ನುಗಳು, ಹಳೇ ರೇಡಿಯೋದ ತಂತಿಸುರುಳಿ, ಇಷ್ಟೇ ಸಾಮಾನು. ಹೆಸರು ಮಾತ್ರ ಭರ್ಜರಿಯಾಗಿತ್ತು. "ಶ್ರಮವಾಹಿನಿ!"

ಮಂಚದ ಮೇಲಿದ್ದವರು ಅಳಿಯ ನಾಗಭೂಷಣಾರಾಧ್ಯರು. ಮೈಸೂರಿನ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಬೆಳಗ್ಗೆ ಎದ್ದರೆ ಕುಕ್ಕರಹಳ್ಳಿ ಕೆರೆಗೆ ಎರಡು ಸುತ್ತು ಹಾಕದೆ ಕಾಫಿ ಮುಟ್ಟದ ಮನುಷ್ಯ. ಖೋ-ಖೋ ತಂಡದ ಹುಡುಗಿಯರಿಗೆ ಕಂಬದ ಹತ್ತಿರ ಹಾರಿ ತಿರುಗುವುದು ಹೇಗೆಂದು ತೋರಿಸಲು ಹೋಗಿ, ತಾವೊಂದು ಕಡೆ ತಿರುಗಿ ಎಡಗಾಲನ್ನು ಇನ್ನೊಂದು ಕಡೆ ಬಿಟ್ಟಿದ್ದರು. ಆರು ವಾರ ಪ್ಲಾಸ್ಟರ್! ಏಳನೇ ವಾರ ಹಾಸನದಲ್ಲಿ ವಿಭಾಗ ಮಟ್ಟದ ಪಂದ್ಯ. ಪ್ಲಾಸ್ಟರ್ ಬಿಚ್ಚಿದ ಮೇಲೂ ತೊಡೆಗೆ ಬಲ ಬರಲು ಮೂರು ತಿಂಗಳು ಹಿಡಿಯುತ್ತದೆ ಎಂದಿದ್ದರು ಡಾಕ್ಟರು. ಅಲ್ಲಿಯವರೆಗೆ ತಂಡವನ್ನು ಲೆಕ್ಕದ ಮೇಷ್ಟ್ರಿಗೆ ಒಪ್ಪಿಸುವುದಾಗಿ ಹೆಡ್‌ಮಾಸ್ಟರು ಹೇಳಿ ಕಳಿಸಿದ್ದರು. ಆರಾಧ್ಯರಿಗೆ ಮೂಳೆಯ ನೋವಿಗಿಂತ ಆ ನೋವೇ ಹೆಚ್ಚಾಗಿತ್ತು. ನಾಲ್ಕು ವರ್ಷ ತಿದ್ದಿ ತೀಡಿದ ತಂಡ ಅದು!

ಮುರಿಗೆಮ್ಮನವರಿಗೆ ಎಪ್ಪತ್ತೊಂದು ವರ್ಷ. ಗಂಡ ತೀರಿಕೊಂಡ ಮೇಲೆ ನಂಜನಗೂಡಿನಲ್ಲಿ ಹೊಲಿಗೆ ಯಂತ್ರ ರಿಪೇರಿ ಅಂಗಡಿ ಇಟ್ಟು ಮಗಳನ್ನು ಓದಿಸಿದವರು. ಅಳಿಯನ ಕಾಲು ಮುರಿದ ಸುದ್ದಿ ಕೇಳಿ ಹಣ್ಣುಹಂಪಲಿನ ಬದಲು ಸ್ಪ್ಯಾನರು, ಇಕ್ಕಳ ತುಂಬಿದ ಪೆಟ್ಟಿಗೆ ಹೊತ್ತುಕೊಂಡೇ ಬಂದಿದ್ದರು.

"ಕೆಂಪು ಕಟ್ಕೊಂಡೋರು ದುಡೀತಾರೆ, ಹಸಿರು ಕಟ್ಕೊಂಡೋರಿಗೆ ಅದರ ಫಲ ಬರುತ್ತೆ. ಮೂಳೆ ಅಲ್ಲಾಡಲ್ಲ, ಮಾಂಸಖಂಡ ಮಾತ್ರ ಗಟ್ಟಿಯಾಗುತ್ತೆ" ಎಂದರು ಅವರು.

"ಅತ್ತೆ, ಹೋದ ಸಲ ನೀವು ಮಾಡಿದ ರೊಟ್ಟಿ ತಟ್ಟೋ ಯಂತ್ರ..."

"ಅದು ತಟ್ಟಿತೋ ಇಲ್ವೋ?"

"ತಟ್ಟಿತು. ನನ್ನ ಬೆನ್ನಿಗೂ ತಟ್ಟಿತು!"

ಮುರಿಗೆಮ್ಮನವರು ಕಿವಿಗೆ ಹಾಕಿಕೊಳ್ಳಲಿಲ್ಲ. ಅಳಿಯನ ಸೊಂಟಕ್ಕೆ ಹಸಿರು ಪಟ್ಟಿ ಬಿಗಿದು, ತಾವು ಕೆಂಪು ಪಟ್ಟಿ ಕಟ್ಟಿಕೊಂಡು, ಸೀರೆ ಎತ್ತಿಕಟ್ಟಿ ಮಹಡಿ ಮೆಟ್ಟಿಲನ್ನು ಐದು ಸಲ ಹತ್ತಿಳಿದರು. ಮಲಗಿದಲ್ಲೇ ಆರಾಧ್ಯರ ಹಣೆಯಿಂದ ಬೆವರು ಧಾರಾಕಾರವಾಗಿ ಇಳಿಯಿತು! ಮೀನಖಂಡ ಹಿತವಾಗಿ ಬಿಗಿಯಿತು. ಮುರಿಗೆಮ್ಮನವರು ಮಾತ್ರ ಒಂದು ಏದುಸಿರೂ ಇಲ್ಲದೆ ಬಂದು ನಿಂತು, "ಹೇಗೆ?" ಎಂದರು.

"ಅತ್ತೆ, ನೀವು ಮನುಷ್ಯರಲ್ಲ!" ಎಂದರು ಆರಾಧ್ಯರು. ಅದು ಹೊಗಳಿಕೆಯೇ ಆಗಿತ್ತು.

ಮರುದಿನ ಕೆಂಪು ಪಟ್ಟಿ ಹೆಂಡತಿ ದಾಕ್ಷಾಯಿಣಿಯ ಸೊಂಟಕ್ಕೆ ಹೋಯಿತು. ಮನೆಗೆಲಸದಲ್ಲಿ ಎಂಥ ವ್ಯಾಯಾಮ ಇದ್ದೀತು ಎಂದು ಆರಾಧ್ಯರು ನಿಶ್ಚಿಂತೆಯಿಂದ ಪೇಪರ್ ಬಿಡಿಸಿದರು. ನೀರು ತುಂಬುವುದು, ಗುಡಿಸಿ ಸಾರಿಸುವುದು, ದೋಸೆಗೆ ರುಬ್ಬುವುದು, ಬೆಡ್‌ಶೀಟು ಹಿಂಡುವುದು... ಹತ್ತು ಗಂಟೆಗೆ ಪೇಪರ್ ಕೈಯಿಂದ ಜಾರಿತು. ಹನ್ನೊಂದಕ್ಕೆ ಸೊಂಟ ಹಿಡಿಯಿತು.

"ದಾಕ್ಷಾ, ನಿನ್ನ ದಮ್ಮಯ್ಯ, ಸ್ವಲ್ಪ ಹೊತ್ತು ಕೂತ್ಕೊಳೇ!"

"ಮದುವೆಯಾಗಿ ಹದಿನೆಂಟು ವರ್ಷ ಆಯ್ತು ರೀ. ಈ ಮಾತು ಇವತ್ತೇ ಕೇಳ್ತಿರೋದು" ಎಂದ ದಾಕ್ಷಾಯಿಣಿ, ಹಾಡು ಗುನುಗುತ್ತ ಇನ್ನೊಂದು ಬಕೆಟ್ ಬಟ್ಟೆ ನೆನೆಹಾಕಿದಳು. ಆಯಾಸವೇ ಇಲ್ಲದಿದ್ದಾಗ ಯಾರು ತಾನೇ ಬಿಟ್ಟಾರು? ವಾರದಲ್ಲಿ ಆರಾಧ್ಯರ ತೋಳು ಕುಸ್ತಿ ಪೈಲ್ವಾನರ ತೋಳಾಯಿತು. ತೊಡೆ ಮಾತ್ರ ಹಾಗೇ ಸೊರಗಿತ್ತು.

"ಓಡೋರು ಬೇಕು" ಎಂದು ಮುರಿಗೆಮ್ಮನವರು ಯೋಚಿಸಿದರು. "ದಿನವಿಡೀ ಓಡೋರು!"

ಪಕ್ಕದ ಬೀದಿಯಲ್ಲಿ ಟಾಂಗಾ ಓಡಿಸುವ ಅಮೀರ್ ಜಾನ್ ಇದ್ದರು. ಅರಮನೆ ನೋಡಲು ಬಂದವರನ್ನು ಊರು ಸುತ್ತಿಸುತ್ತಿದ್ದರು. ಅವರ ಕುದುರೆ ಚಮೇಲಿಗೆ ವಯಸ್ಸಾಗುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಸುಸ್ತಾಗಿ ನಿಂತಲ್ಲೇ ನಿದ್ದೆ ಹೋಗುತ್ತಿತ್ತು. ಸುಸ್ತೆಲ್ಲ ಅಳಿಯನಿಗೆ ಬರುತ್ತದೆ ಎಂದು ಮುರಿಗೆಮ್ಮನವರು ವಿವರಿಸಿದ ಕೂಡಲೇ ಅಮೀರ್ ಜಾನ್ ಒಪ್ಪಿದರು. ಕೆಂಪು ಪಟ್ಟಿಗೆ ತುಂಡು ಜೋಡಿಸಿ ಚಮೇಲಿಯ ಹೊಟ್ಟೆಗೆ ಕಟ್ಟಿದ್ದಾಯಿತು.

ಏನು ಹೇಳುವುದು! ನಾಲ್ಕೇ ದಿನದಲ್ಲಿ ಆರಾಧ್ಯರ ತೊಡೆ ತುಂಬಿಕೊಂಡಿತು. ಚಮೇಲಿ ಮರಿಯ ಹಾಗೆ ಜಿಗಿಯತೊಡಗಿತು. ಆರಾಧ್ಯರು ಅತ್ತೆಯ ಕೈಹಿಡಿದು, "ದೇಶದ ದೊಡ್ಡ ದೊಡ್ಡ ವಿಜ್ಞಾನಿಗಳು ನಿಮ್ಮ ಮುಂದೆ ಕೈಕಟ್ಟಿ ನಿಲ್ಲಬೇಕು" ಎಂದರು.

ಐದನೇ ದಿನ ಉಪ್ಪಿಟ್ಟು ದೂಡಿ, "ನೆನೆಸಿದ ಹುರುಳಿ ಇದ್ಯಾ?" ಎಂದು ಕೇಳಿದರು. ಆರನೇ ದಿನ ಬೆನ್ನ ಮೇಲೆ ನೊಣ ಕೂತಾಗ, ಕೈ ಎತ್ತದೆ, ಅಷ್ಟು ಚರ್ಮವನ್ನು ಮಾತ್ರ ಅದುರಿಸಿ ಓಡಿಸಿದರು. ಏಳನೇ ದಿನ ಹೆಡ್‌ಮಾಸ್ಟರು ಫೋನ್ ಮಾಡಿ, "ಹಾಸನಕ್ಕೆ ಬರೋಕಾಗುತ್ತಾ ಆರಾಧ್ಯರೇ?" ಎಂದಾಗ ಉತ್ಸಾಹದಿಂದ ಬಾಯಿ ತೆರೆದರು. ಹೊರಟದ್ದು ಹೇಷಾರವ!

"ನೆಟ್‌ವರ್ಕ್ ಸರಿಯಿಲ್ಲ ಅನ್ಸುತ್ತೆ" ಎಂದು ಹೆಡ್‌ಮಾಸ್ಟರು ಫೋನಿಟ್ಟರು.

ಅಷ್ಟರಲ್ಲಿ ಅಮೀರ್ ಜಾನ್ ಓಡೋಡಿ ಬಂದರು. "ಅಮ್ಮಾ, ನಮ್ಮ ಚಮೇಲಿಗೆ ಏನ್ ಮಾಡ್ಬಿಟ್ರಿ? ಪೊಲೀಸ್ನೋರು ಸೀಟಿ ಊದಿದ್ರೆ ನಡುರಸ್ತೇಲಿ ನಾಲ್ಕು ಕಾಲು ಜೋಡಿಸಿ ಸಾವಧಾನ್ ನಿಂತ್ಕೋತಾಳೆ! ಹಿಂದಿನ ಎಡಗಾಲು ಕುಂಟ್ತಾಳೆ. ಈಗ ಟಾಂಗಾ ಬಿಚ್ಚಿದ್ದೇ ತಡ, ಈ ಬೀದಿ ಕೊನೇಲಿರೋ ಮೇಷ್ಟ್ರ ಇಸ್ಕೂಲ್ ಮೈದಾನಕ್ಕೆ ನುಗ್ಗಿದಾಳೆ!"

ಮುರಿಗೆಮ್ಮನವರು ಹಣೆ ಚಚ್ಚಿಕೊಂಡರು. "ಸುರುಳಿ ಉಲ್ಟಾ ಸುತ್ತಿದೀನಿ! ಹೋಗೋ ದಾರೀಲೇ ವಾಪಸ್ಸೂ ಬರ್ತಿದೆ. ಅಳಿಯಂದ್ರ ಬುದ್ಧಿ ಕುದುರೆಗೆ, ಕುದುರೇದು ಇವರಿಗೆ! ಇನ್ನು ಅದು ಓಡಿದ್ರೆ ಇವರ ಕಾಲೂ ಓಡುತ್ತೆ! ದಾಕ್ಷಾಯಿಣೀ, ಇವರ ಪಟ್ಟಿ ಬಿಚ್ಚು!"

ಬಿಚ್ಚಲು ಹೋದರೆ ಉಬ್ಬಿದ ಮೈಗೆ ಬಕಲ್ ಕಚ್ಚಿ ಕೂತಿತ್ತು. ಮುರಿಗೆಮ್ಮನವರು ಕತ್ತರಿಗಾಗಿ ಪೆಟ್ಟಿಗೆಗೆ ಕೈಹಾಕಿದರು. ಅತ್ತ ಮೈದಾನದಲ್ಲಿ ಹುಡುಗಿಯರ ಅಭ್ಯಾಸ ನಡೆದಿತ್ತು. ಸಾಲಿನಲ್ಲಿ ಕೂತಿದ್ದವರ ನಡುವೆ ಚಮೇಲಿಯೂ ಮಂಡಿಯೂರಿ ಕೂತಿತ್ತು! ಲೆಕ್ಕದ ಮೇಷ್ಟ್ರು ನಡುಗುತ್ತ ಸೀಟಿ ಊದಿದರು. ಯಾರೋ ಅಭ್ಯಾಸಬಲದಿಂದ ಅದರ ಬೆನ್ನು ತಟ್ಟಿ "ಖೋ!" ಎಂದರು.

ಚಮೇಲಿ ಎದ್ದು ಓಡಿತು.

ಇತ್ತ ಆರಾಧ್ಯರ ಗಟ್ಟಿಮುಟ್ಟಾದ ಬಲಗಾಲು ಗೋಡೆಗೆ ಒಂದು ಒದೆ ಕೊಟ್ಟಿತು. ಬಾಡಿಗೆಗೆ ತಂದ ಆಸ್ಪತ್ರೆ ಮಂಚ, ಕೆಳಗೆ ನಾಲ್ಕು ಗಾಲಿ! ಅದು ಸೀದಾ ಬಾಗಿಲು ದಾಟಿ, ಗೇಟು ದಾಟಿ, ಇಳಿಜಾರಿನ ಬೀದಿಗೆ ಬಂದು ಗರ್ರನೆ ಹಿಂದುಮುಂದಾಗಿ ತಿರುಗಿತು. ಮಂಚದಿಂದ ಕೆಳಗೆ ಇಳಿಬಿದ್ದ ಬಲಗಾಲು ರಸ್ತೆಯನ್ನು ಒದ್ದು ಒದ್ದು ವೇಗ ಕೊಡುತ್ತಲೇ ಇತ್ತು. "ದಾಕ್ಷಾ, ಹಿಡ್ಕೊಳೇ!" ಎಂದು ಕೂಗಿದರು ಆರಾಧ್ಯರು. ದಾಕ್ಷಾಯಿಣಿ ಮಂಚದ ಸರಳು ಹಿಡಿದು ಜಗ್ಗುತ್ತ ಜೊತೆಗೇ ಓಡಿದಳು. ಬೀದಿಯ ಕೊನೆಯಲ್ಲಿ ಮೈದಾನದ ಕಲ್ಲುಗೋಡೆ. ಪ್ಲಾಸ್ಟರ್ ಹಾಕಿದ ಕಾಲೇ ಮುಂದಿತ್ತು. ಗುದ್ದಿದರೆ ಹಾಸನವೇನು, ಆರಾಧ್ಯರು ಮತ್ತೆಂದೂ ಮೈದಾನಕ್ಕೆ ಇಳಿಯುವ ಹಾಗಿರಲಿಲ್ಲ. ಅವರು ಕಣ್ಣು ಮುಚ್ಚಿಕೊಂಡರು.

ಮುರಿಗೆಮ್ಮನವರು ಮಂಚದ ಹಿಂದೆ ಓಡಲಿಲ್ಲ. ಓಣಿಯಲ್ಲಿ ನುಸುಳಿ ಮೈದಾನಕ್ಕೆ ಓಡಿದರು. ಈ ಸಲ ಯಾವ ಪಟ್ಟಿಯೂ ಇರಲಿಲ್ಲ, ಎದೆ ಒಡೆಯುವಂಥ ಏದುಸಿರೆಲ್ಲ ಅವರದೇ. ಧೂಳೆಬ್ಬಿಸಿ ಬರುತ್ತಿದ್ದ ಕುದುರೆಯ ಎದುರು ಎರಡೂ ಕೈ ಚಾಚಿ ನಿಂತರು. ಓಡುವ ಹುಡುಗಿಯರನ್ನು ನಿಲ್ಲಿಸಲು ಅಳಿಯ ದಿನಾ ಕೂಗುವ ದನಿಯಲ್ಲೇ ಕೂಗಿದರು.

"ಏಕ್... ದೋ... ಥಮ್!"

ಚಮೇಲಿ ಎರಡು ಹೆಜ್ಜೆ ಕುಟ್ಟಿ ನಿಂತಿತು. ರಸ್ತೆಯಲ್ಲಿ ಆರಾಧ್ಯರ ಬಲಗಾಲು ಎರಡು ಸಲ ಕುಟ್ಟಿ ನೆಲಕ್ಕೆ ಊರಿತು. ಮಂಚ ಗೋಡೆಯಿಂದ ಒಂದು ಗೇಣು ದೂರದಲ್ಲಿ ನಿಂತಿತು! ಮುರಿಗೆಮ್ಮನವರು ಸೆರಗಿನಲ್ಲಿ ಸಿಕ್ಕಿಸಿಕೊಂಡಿದ್ದ ಕತ್ತರಿ ತೆಗೆದು ಕೆಂಪು ಪಟ್ಟಿಯನ್ನು ಕತ್ತರಿಸಿ ಹಾಕಿದರು.

ಸಂಜೆ ಅವರು ಮೂಲೆಯಲ್ಲಿ ಕೂತು, "ನನ್ನ ತಪ್ಪು ಅಳಿಯಂದ್ರೇ. ಪೆಟ್ಟಿಗೆ ಕಟ್ಕೊಂಡು ಊರಿಗೆ ಹೋಗ್ತೀನಿ" ಎಂದರು.

"ಹೋಗೋದಾ? ಓಡೋ ಕುದುರೆಗೆ ಎದುರು ನಿಲ್ಲೋರನ್ನ ನಾನು ಎಲ್ಲೂ ಕಂಡಿಲ್ಲ ಅತ್ತೆ. ನನ್ನ ತಂಡದಲ್ಲಿ ಜಾಗ ಖಾಲಿ ಇದ್ದಿದ್ರೆ ನಿಮ್ಮನ್ನೇ ಸೇರಿಸ್ಕೊತಿದ್ದೆ!" ಎಂದರು ಆರಾಧ್ಯರು.

ಆರನೇ ವಾರ ಡಾಕ್ಟರು ಪ್ಲಾಸ್ಟರ್ ಬಿಚ್ಚಿ, ತೊಡೆ ಒತ್ತಿ ನೋಡಿ ಬೆರಗಾದರು. "ಯಾವ ಔಷಧಿ ತಗೊಂಡ್ರಿ?"

"ಔಷಧಿ ಅಲ್ಲ ಡಾಕ್ಟ್ರೇ, ನಮ್ಮತ್ತೆ."

ಹಾಸನದಲ್ಲಿ ತಂಡ ಎರಡನೇ ಸ್ಥಾನ ಪಡೆಯಿತು. ಆರಾಧ್ಯರು ಗೆರೆಯ ಪಕ್ಕದಲ್ಲಿ ಹುಡುಗಿಯರ ಸಮಕ್ಕೆ ಓಡುತ್ತಲೇ ಕೂಗಿ ಕೂಗಿ ಆಡಿಸಿದರು. ಬರುವಾಗ ಬಸ್ಸು ಕಿಕ್ಕಿರಿದಿತ್ತು. ಸೀಟನ್ನೆಲ್ಲ ಮಕ್ಕಳಿಗೆ ಬಿಟ್ಟುಕೊಟ್ಟು, ಕಂಬಿಯನ್ನೂ ಹಿಡಿಯದೆ, ಹಾಸನದಿಂದ ಮೈಸೂರಿನವರೆಗೆ ನಿಂತೇ ಗೊರಕೆ ಹೊಡೆದರು. ಒಂದು ತಿರುವಿನಲ್ಲೂ ಬೀಳಲಿಲ್ಲ!

ಮನೆಗೆ ಬಂದು ಗಾಬರಿಯಿಂದ ಇದನ್ನು ಹೇಳಿದಾಗ ಮುರಿಗೆಮ್ಮನವರು ಕನ್ನಡಕ ಮೇಲೇರಿಸಿ ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಅದೊಂದನ್ನ ಹಾಗೇ ಬಿಡೋಣ ಅಳಿಯಂದ್ರೇ. ಉಪಯೋಗಕ್ಕೆ ಬರೋದನ್ನ ನಾನು ರಿಪೇರಿ ಮಾಡಲ್ಲ."