ರೇಡಿಯೇಟರ್ ರಕ್ಷಣೆಯೆಂಬ ಮಹಾಕಾರ್ಯ

"ಇನ್ಮೇಲೆ ನಿನ್ನ ಬೈಕಿನ ರೇಡಿಯೇಟರ್ ಮೇಲೆ ಒಂದೇ ಒಂದು ಗೀರು ಬಿದ್ರೂ ನನ್ನ ಹೆಸರು ಬದಲಾಯಿಸ್ಕೋತೀನಿ!"

ಗುರುವಾರ ಸಂಜೆ ಊಟದ ಮೇಜು ಗುದ್ದಿ ನಾನು ಹೀಗೆ ಘೋಷಿಸಿದ ರಭಸಕ್ಕೆ ನೀರಿನ ಲೋಟ ಉರುಳಿ ಅತ್ತೆಯ ಮಡಿಲು ತೊಯ್ದುಹೋಯಿತು. ಮಹಾಕಾರ್ಯಗಳ ಆರಂಭದಲ್ಲಿ ಇಂಥವೆಲ್ಲ ಇದ್ದದ್ದೇ ಎಂದು ನಾನು ಲೆಕ್ಕಿಸಲಿಲ್ಲ.

ನನ್ನ ಹೆಂಡತಿ ಹಲ್ಲಿನ ಡಾಕ್ಟರು. ವಾರದಲ್ಲಿ ಆರು ದಿನ ಜನರ ಬಾಯಿ ತೆರೆಸುವುದು ಅವಳ ವೃತ್ತಿ. ಏಳನೆಯ ದಿನ ಕಲ್ಲುಗುಡ್ಡಗಳಲ್ಲಿ ಬೈಕ್ ಹಾರಿಸಿ ನನ್ನ ಬಾಯಿ ಮುಚ್ಚಿಸುವುದು ಪ್ರವೃತ್ತಿ. ಆ ಬೈಕಿಗೆ ಮುಂಭಾಗದಲ್ಲಿ, ಎಡಕ್ಕೊಂದು ಬಲಕ್ಕೊಂದು ರೇಡಿಯೇಟರ್ ಇದೆ. ಎಂಜಿನ್ನಿನ ಬಿಸಿನೀರನ್ನು ತಣ್ಣಗೆ ಮಾಡುವುದು ಅವುಗಳ ಕೆಲಸ. ಮೈ ಮಾತ್ರ ಬಿಸ್ಕತ್ತಿನಷ್ಟು ನಾಜೂಕು! ಗಾಡಿ ಪಕ್ಕಕ್ಕೆ ಬಿದ್ದರೆ ಸೊಟ್ಟಗಾಗುತ್ತದೆ, ಮುಂದಿನ ಗಾಡಿಯ ಚಕ್ರದಿಂದ ಕಲ್ಲು ಸಿಡಿದರೆ ತೂತಾಗುತ್ತದೆ. ಹಿಂದಿನ ಎರಡು ರೇಸುಗಳಲ್ಲೂ ಹೀಗೇ ಆಗಿ, ನೀರೆಲ್ಲ ಸೋರಿ, ಅವಳು ಅರ್ಧ ದಾರಿಯಿಂದ ಗಾಡಿ ತಳ್ಳಿಕೊಂಡು ವಾಪಸ್ ಬಂದಿದ್ದಳು. ಈ ಭಾನುವಾರದ್ದು ವರ್ಷದ ಕೊನೆಯ ರೇಸು.

"ಗೆಲ್ಲೋದೆಲ್ಲ ಬೇಡ ರೀ. ಒಂದೇ ಒಂದು ಸಲ ಕೊನೇ ಗೆರೆ ದಾಟಿದ್ರೆ ಸಾಕು" ಎಂದಿದ್ದಳು. ಹೇಳುವಾಗ ದನಿ ಸಣ್ಣಗಾಗಿತ್ತು. ಅದನ್ನು ಕೇಳಿ ನನ್ನೊಳಗಿನ ಗಂಡ ಎದ್ದು ನಿಂತ.

ಎದ್ದವನೇನು ಸಾಮಾನ್ಯನೇ? ಗಾಜಿನ ಸಾಮಾನಿನ ಕಾರ್ಖಾನೆಯಲ್ಲಿ ಪ್ಯಾಕಿಂಗ್ ವಿಭಾಗದ ಮುಖ್ಯಸ್ಥ! ಇಪ್ಪತ್ತು ವರ್ಷಗಳಲ್ಲಿ ನಾನು ಕಟ್ಟಿಸಿದ ಲೋಟ ಒಡೆಯಿತೆಂಬ ಒಂದು ದೂರೂ ಬಂದಿಲ್ಲ. ಸಮುದ್ರ ದಾಟಿದ ಹೂಜಿಗಳು ನನ್ನ ಪೆಟ್ಟಿಗೆಯೊಳಗೆ ಮಗ್ಗುಲು ಬದಲಿಸದೆ ನಿದ್ದೆ ಮಾಡಿವೆ. ಅಂಥವನಿಗೆ ಎರಡು ಚೋಟುದ್ದದ ರೇಡಿಯೇಟರ್ ಯಾವ ಲೆಕ್ಕ?

"ಶನಿವಾರ ಮೆಕ್ಯಾನಿಕ್ ಹತ್ರ ಗಾರ್ಡ್ ಹಾಕಿಸ್ತೀನಿ" ಎಂದಳು ಹೆಂಡತಿ.

"ಮೆಕ್ಯಾನಿಕ್ಕಾ? ಮನೇಲೇ ವೈದ್ಯ ಇರೋವಾಗ ಬೀದೀಲಿ ಮದ್ದು ಹುಡುಕ್ತಾರಾ?"

"ವೈದ್ಯೆ ನಾನು. ನೀವು ಡಬ್ಬ ಕಟ್ಟೋರು."

ಡಬ್ಬ! ಇಡೀ ವಿಭಾಗದ ಮಾನ ಹೋದಂತಾಯಿತು. ಮಾರನೆಯ ದಿನಕ್ಕೆ ರಜೆ ಹಾಕಿಯೇ ಬಿಟ್ಟೆ.

ಶುಕ್ರವಾರ ಅವಳು ಕ್ಲಿನಿಕ್‌ಗೆ ಹೊರಟದ್ದೇ ತಡ, ಅಂಗಳದಲ್ಲಿ ಸರಂಜಾಮು ಹರಡಿದೆ. ಮೊದಲು ಎರಡು ಸುತ್ತು ಫೋಮ್. ಅದರ ಮೇಲೆ ದಪ್ಪ ರಟ್ಟು. ರಟ್ಟಿನ ಮೇಲೆ ಅಡುಗೆಮನೆಯ ಓವನ್ನಿನಿಂದ ಎಳೆದು ತಂದ ಕಂಬಿಯ ತಟ್ಟೆ. ಎಲ್ಲದರ ಮೇಲೂ ಟೇಪು, ಟೇಪಿನ ಮೇಲೆ ಟೇಪು! ಅತ್ತೆ ಕಾಫಿ ಲೋಟ ಹಿಡಿದು ಬಂದು ನಿಂತರು.

"ಅಳಿಯಂದಿರೇ, ಗಾಡಿಗೆ ಚಳಿಜ್ವರಾನಾ?"

"ರಕ್ಷಣೆ ಅತ್ತೆ, ರಕ್ಷಣೆ! ಇನ್ನು ಸೊಳ್ಳೆ ಕೂಡ ಒಳಗೆ ನುಸುಳಲ್ಲ."

"ಅದು ಗಾಳಿ ಕುಡಿಯೋ ವಸ್ತು ಅಂತ ಮಗಳು ಹೇಳ್ತಿದ್ದ ಹಾಗಿತ್ತು?"

"ಇದು ಟೆಕ್ನಿಕಲ್ ವಿಷಯ ಅತ್ತೆ."

ಅತ್ತೆ ಕುರ್ಚಿ ತರಿಸಿಕೊಂಡು ಕೂತರು.

ನಮ್ಮ ಕಾರ್ಖಾನೆಯಲ್ಲಿ ಒಂದು ನಿಯಮವಿದೆ. ಕಟ್ಟಿದ ಪೆಟ್ಟಿಗೆಯನ್ನು ಬೇಕೆಂದೇ ಬೀಳಿಸಿ ನೋಡದೆ ಬಾಗಿಲು ದಾಟಿಸುವಂತಿಲ್ಲ. ಅದೂ ಒಂದು ಸಲವಲ್ಲ, ಎಲ್ಲ ಮಗ್ಗುಲಿಗೂ. ನಿಯಮವೆಂದರೆ ನಿಯಮ! ಗಾಡಿಯನ್ನು ನಿಲ್ಲಿಸಿ, ಎಡಕ್ಕೆ ನೂಕಿದೆ. ಧಡ್! ಕ್ಲಚ್ಚಿನ ಹಿಡಿ ಸೊಟ್ಟಗಾಯಿತು. ಆದರೆ ರೇಡಿಯೇಟರ್? ಒಂದು ಗೀರಿಲ್ಲ! ಏದುಸಿರು ಬಿಡುತ್ತ ಎತ್ತಿ ಬಲಕ್ಕೆ ನೂಕಿದೆ. ಬ್ರೇಕಿನ ಹಿಡಿ ಮುರಿಯಿತು, ಹೂವಿನ ಕುಂಡ ಎರಡು ಹೋಳಾಯಿತು. ರೇಡಿಯೇಟರ್? ಕಮಕ್ ಕಿಮಕ್ ಅನ್ನಲಿಲ್ಲ!

"ನೋಡಿದ್ರಾ ಅತ್ತೆ? ರೇಡಿಯೇಟರ್ ಉಳೀತು!"

"ನೋಡ್ದೆ. ಇನ್ನು ಗಾಡಿ ಯಾಕೆ? ಮಗಳು ರೇಡಿಯೇಟರ್ ಮೇಲೇ ಕೂತ್ಕೊಂಡು ಹೋಗ್ಬಹುದು."

ವಿಜಯೋತ್ಸಾಹದಲ್ಲಿ ಎಂಜಿನ್ ಚಾಲೂ ಮಾಡಿದೆ. ಡುರ್‌ಡುರ್ ಸದ್ದಿಗೆ ತಲೆದೂಗುತ್ತ ಹತ್ತು ನಿಮಿಷ ನಿಂತೆ. ಆಮೇಲೆ ಒಂದು ಕಮರು ವಾಸನೆ ಬಂತು. ಆಮೇಲೆ ಬುಸ್ ಎಂಬ ಸದ್ದು. ಆಮೇಲೆ ಅಂಗಳದ ತುಂಬ ಹಬೆಯೋ ಹಬೆ! ಅತಿಯಾದರೆ ಅಮೃತವೂ ವಿಷವಂತೆ. ನನ್ನ ಫೋಮಂತೂ ಕರಗಿ ರೇಡಿಯೇಟರಿನ ಸಂದಿಸಂದಿಗೂ ಅಂಟಿಕೊಂಡಿತ್ತು. ಎಂಜಿನ್ ಆರಿಸಿ, ಎಲ್ಲ ತಣ್ಣಗಾಗುವವರೆಗೆ ಕಾದು, ಬಿಚ್ಚಲು ಕೂತೆ.

ಆಗ ನನಗೊಂದು ಸತ್ಯ ಹೊಳೆಯಿತು. ಇಪ್ಪತ್ತು ವರ್ಷ ನಾನು ಪೆಟ್ಟಿಗೆ ಕಟ್ಟಿದವನೇ ಹೊರತು ಒಂದು ದಿನವೂ ಬಿಚ್ಚಿದವನಲ್ಲ! ಟೇಪು ಜಪ್ಪಯ್ಯ ಎನ್ನಲಿಲ್ಲ. ಫೋಮು ಹಲ್ಲಿನ ಕೊಳೆಯಂತೆ ಕಚ್ಚಿಕೊಂಡಿತ್ತು. ಸ್ಕ್ರೂಡ್ರೈವರ್ ತಂದು ಒಂದು ಸಲ ಮೀಟಿದೆ, ಎರಡು ಸಲ ಮೀಟಿದೆ. ಮೂರನೆಯ ಸಲಕ್ಕೆ ಚಿರ್ರೆಂದು ರೇಡಿಯೇಟರಿನ ಹಸಿರು ನೀರು ನನ್ನ ಅಂಗಿಯ ಮೇಲೆ!

ಹೆಂಡತಿ ಗೇಟು ತೆರೆದಾಗ ನಾನು ತೂತಿಗೆ ಹೆಬ್ಬೆರಳು ಒತ್ತಿ ಕೂತಿದ್ದೆ.

"ಏನ್ರೀ ಅದು?"

"ಏನಿಲ್ಲ ಕಣೇ... ಚೂರು ಒಸರ್ತಿದೆ."

"ಬೆರಳು ತೆಗೀರಿ."

"ತೆಗೆದ್ರೆ ನಿನಗೆ ಬೇಜಾರಾಗುತ್ತೆ."

"ತೆಗೀರಿ ಅಂದೆ!"

ತೆಗೆದೆ. ಉಳಿದ ನೀರೂ ಹರಿದುಹೋಯಿತು. ಅವಳು ಸೊಟ್ಟಗಾದ ಹಿಡಿ ನೋಡಿದಳು, ಮುರಿದ ಹಿಡಿ ನೋಡಿದಳು, ಓವನ್ನಿನ ಕಂಬಿ ನೋಡಿದಳು. ಬೈಯಲಿಲ್ಲ. ಮೆಟ್ಟಿಲ ಮೇಲೆ ಕೂತು "ನಾಡಿದ್ದೇ ರೇಸು" ಎಂದಳು, ಅಷ್ಟೇ. ಕಣ್ಣಲ್ಲಿ ನೀರಿತ್ತು. ನಾಲ್ಕು ಬೈದಿದ್ದರೆ ಎಷ್ಟೋ ವಾಸಿ ಇತ್ತು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಶನಿವಾರ ಮೂವರೂ ಸೇರಿ ಗಾಡಿಯನ್ನು ಮೆಕ್ಯಾನಿಕ್ಕಿನ ಶೆಡ್ಡಿಗೆ ತಳ್ಳಿಕೊಂಡು ಹೋದೆವು. ಅತ್ತೆ ಬಂದದ್ದು ತಳ್ಳಲಿಕ್ಕಲ್ಲ, ಸಾಕ್ಷಿ ಹೇಳಲಿಕ್ಕೆ.

"ಯಾವ ಗುಡ್ಡದಲ್ಲಿ ಬಿದ್ರಿ ಡಾಕ್ಟ್ರೇ?" ಮೆಕ್ಯಾನಿಕ್ ಕೇಳಿದ.

"ಗುಡ್ಡದಲ್ಲಲ್ಲ, ನಮ್ಮನೆ ಅಂಗಳದಲ್ಲಿ."

"ನಿಂತ ಗಾಡಿಗೆ ಇಷ್ಟೊಂದು ಪೆಟ್ಟಾ?"

ಅತ್ತೆ ಸಾದ್ಯಂತ ವಿವರಿಸಿದರು. ಅವನು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, "ಬೇಲಿನೇ ಎದ್ದು ಹೊಲ ಮೇಯ್ತು ಅನ್ನಿ" ಎಂದ.

ಅವನು ಹಿಡಿಗಳನ್ನು ಬದಲಾಯಿಸಿದ. ತೂತಿಗೆ ಬೆಸುಗೆ ಹಾಕಿದ. ಆದರೆ, "ಇದನ್ನ ನಾಳೆ ಗುಡ್ಡಕ್ಕೆ ನಂಬೋದು ಬೇಡ, ಮನೇಲಿಟ್ಕೊಂಡಿರಿ" ಎಂದು ತನ್ನ ಹಳೆಯ ಬೈಕಿನದೊಂದನ್ನು ಬಿಚ್ಚಿ ಕೂರಿಸಿದ. ಇನ್ನೊಂದರ ಫೋಮ್ ಕೆರೆದು ತೆಗೆದು, ಎರಡಕ್ಕೂ ಗಾರ್ಡ್ ಹಾಕಿದ: ಪಕ್ಕಕ್ಕೆ ಅಲ್ಯೂಮಿನಿಯಂ ಪಟ್ಟಿ, ಮುಂದಕ್ಕೆ ಸೀಳುಸೀಳಾದ ತಗಡು.

"ನೋಡಿ ಸಾರ್, ಬಿದ್ರೆ ಪೆಟ್ಟು ಈ ಪಟ್ಟಿಗೆ. ಕಲ್ಲು ಬಂದ್ರೆ ಈ ತಗಡಿಗೆ. ಗಾಳಿ ಮಾತ್ರ ಈ ಸಂದೀಲಿ ಒಳಗೆ ಹೋಗುತ್ತೆ."

"ಅಷ್ಟೇನಾ?"

"ಅಷ್ಟೇ ಸಾರ್."

ಭಾನುವಾರ ಬೆಳಿಗ್ಗೆ ಯಾವ ಮುಖ ಹೊತ್ತು ರೇಸಿಗೆ ಹೋಗಲಿ? ತಲೆನೋವೆಂದು ಮುಸುಕೆಳೆದು ಮಲಗಿದೆ. ಹೆಂಡತಿ ಬಂದು ಮುಸುಕು ಕಿತ್ತಳು.

"ಏಳಿ. ನೀವು ಬರ್ಲೇಬೇಕು. ನೀವು ನನ್ನ ಕಣ್ಣೆದುರಿಗೇ ಇರ್ಬೇಕು ಇವತ್ತು."

ಇಷ್ಟೆಲ್ಲ ಆದ ಮೇಲೂ ಈ ಪ್ರೀತಿ! ಎಂಥ ಪುಣ್ಯವಂತ ನಾನು!

ರೇಸಿನ ಎರಡನೆಯ ಸುತ್ತಿನಲ್ಲಿ, ಇಳಿಜಾರಿನ ತಿರುವಿನಲ್ಲಿ ಅವಳ ಗಾಡಿ ಜಾರಿ ಮಗುಚಿಬಿತ್ತು. ನಾನು ಕಣ್ಣು ಮುಚ್ಚಿಕೊಂಡೆ. "ಎದ್ಲು! ಎದ್ಲು!" ಎಂದು ಅತ್ತೆ ನನ್ನ ತೋಳು ಜಗ್ಗಿದರು. ಒಂದು ಹನಿ ನೀರು ಸೋರಿರಲಿಲ್ಲ. ಹನ್ನೊಂದನೆಯವಳಾಗಿ ಅವಳು ಕೊನೆಯ ಗೆರೆ ದಾಟಿದಾಗ ನಾನು ನಾಚಿಕೆಯಿಲ್ಲದೆ ಗೊಳೋ ಎಂದು ಅತ್ತುಬಿಟ್ಟೆ. ಬೇಲಿ ಹಾರಿ ಓಡಿದೆ.

"ಬಿದ್ದು ಎದ್ದೆಯಲ್ಲ, ಎಲ್ಲಿಂದ ಬಂತೇ ಅಷ್ಟು ಧೈರ್ಯ?" ಎಂದೆ. ಆಮೇಲೆ ಸ್ವಲ್ಪ ಎದೆಯುಬ್ಬಿಸಿ, "ನಾನು ಎದುರಿಗಿದ್ರೆ ನಿನಗೆ ಧೈರ್ಯ ಅಂತ ತಾನೇ ಕರ್ಕೊಂಡು ಬಂದಿದ್ದು?"

ಅವಳು ಹೆಲ್ಮೆಟ್ ತೆಗೆದು, ಕೆಸರಿನ ಮುಖ ಅರಳಿಸಿ ನಕ್ಕಳು.

"ಹೌದು ರೀ, ಧೈರ್ಯಕ್ಕೇ. ಬೆಸುಗೆ ಹಾಕಿದ ರೇಡಿಯೇಟರ್ ಮನೇಲಿದೆ. ಅದರ ಜೊತೆ ನಿಮ್ಮೊಬ್ಬರನ್ನೇ ಬಿಟ್ಟು ಬಂದಿದ್ರೆ, ನನಗೆಲ್ಲಿಂದ ಬರ್ಬೇಕು ಧೈರ್ಯ?"